ಜೆರಾಲ್ಡ್ ಡರೆಲ್ ಮತ್ತು ಆತನ ಪುಟ್ಟ ಮೃಗಾಲಯ

ಮೃಗಾಲಯಕ್ಕೆ ಹೋಗಿಬಂದ ನಮ್ಮನ್ನು ಅಲ್ಲಿ ಏನು ಕಂಡಿರೆಂದು ಯಾರಾದರೂ ಕೇಳಿದರೆ, ಹುಲಿ ಮಲಗಿತ್ತು, ಆನೆ ಕಿವಿಯಾಡಿಸುತ್ತಿತ್ತು, ಕೋತಿ ಹಲ್ಲು ಕಿರಿಯಿತು ಎನ್ನುತ್ತೇವೆ. ಮೂಲೆಯ ಗೂಡಿನಲ್ಲಿದ್ದ ಹಕ್ಕಿಯನ್ನಾಗಲಿ, ಕಲ್ಲಿನ ಬಣ್ಣದ ಹಲ್ಲಿಯನ್ನಾಗಲಿ ನೆನೆಯುವುದಿಲ್ಲ. ಅಂತಹ ಅಲಕ್ಷಿತ ಜೀವಿಗಳಿಗಾಗಿಯೇ ಒಂದು ಪುಟ್ಟ ಮೃಗಾಲಯವನ್ನು ಕಟ್ಟಿದ ಜೆರಾಲ್ಡ್ ಡರೆಲ್ ಎಂಬಾತನ ಚರಿತ್ರೆಯನ್ನು ಇಲ್ಲಿ ಹೇಳಲೆಳಸಿದ್ದೇವೆ.

ಆತನು ಆಂಗ್ಲನಾದರೂ ಹುಟ್ಟಿದ್ದು ನಮ್ಮ ದೇಶದಲ್ಲಿ. 1925ನೆಯ ಜನವರಿ 7ರಂದು, ಇಂದು ಜಾರ್ಖಂಡಕ್ಕೆ ಸೇರಿರುವ ಜಮ್‌ಶೆಡ್‌ಪುರದಲ್ಲಿ ಆತನ ಜನನವಾಯಿತು. ತಂದೆ ಎಂಜಿನಿಯರು, ತಾಯಿಯೂ ಇಲ್ಲಿಯ ರೂರ್ಕಿಯಲ್ಲಿ ಹುಟ್ಟಿದವರು. ಮಗುವಿಗೆ ಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮಕ್ಕಳೊಡನೆ ಇಂಗ್ಲೆಂಡಿಗೆ ತೆರಳಿದರು. ಆದರೆ ಅಷ್ಟರೊಳಗೇ ಆ ಮಗು ಆಯಾಳ ಕೈಹಿಡಿದು ಇಲ್ಲಿಯ ಒಂದು ಸಣ್ಣ ಮೃಗಾಲಯವನ್ನು ನೋಡಿತ್ತು. ಆ ನೆನಪು ಕೊನೆಯವರೆಗೂ ಮಾಸಲಿಲ್ಲ.

1935ರಿಂದ 1939ರವರೆಗೆ ಕುಟುಂಬವು ಗ್ರೀಸ್ ದೇಶದ ಕಾರ್ಫು ದ್ವೀಪದಲ್ಲಿ ನೆಲಸಿತ್ತು. ಬಾಲಕನು ಶಾಲೆಯ ಮೆಟ್ಟಿಲು ಹತ್ತಿದ್ದು ಅತ್ಯಲ್ಪ. (ಇದನ್ನೋದಿ ನಮ್ಮ ಕಿರಿಯ ಮಿತ್ರರು ಹಿಗ್ಗಬೇಕಾಗಿಲ್ಲ; ಶಾಲೆಯಿಲ್ಲದಿದ್ದರೂ ಗುರುಗಳಿದ್ದರು.) ಥಿಯೊಡೋರ್ ಸ್ಟೆಫನೈಡೀಸ್ ಎಂಬ ವೈದ್ಯರು ಅವನನ್ನು ಹಳ್ಳಕೊಳ್ಳಗಳ ದಡಕ್ಕೆ ಕರೆದೊಯ್ದು, ಒಂದು ಹನಿ ನೀರಿನಲ್ಲಿ ಎಷ್ಟು ಜೀವಗಳಿವೆಯೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಆಮೆ, ಗೂಬೆ, ಹಾವುಗಳೆಲ್ಲ ಮನೆಯೊಳಕ್ಕೆ ಬಂದವು. ಬೆಂಕಿಪೊಟ್ಟಣದಲ್ಲಿ ಬಚ್ಚಿಟ್ಟ ಚೇಳು ಊಟದ ಹೊತ್ತಿನಲ್ಲಿ ಹೊರಬಿದ್ದು ಮನೆಯವರೆಲ್ಲ ಬೆಚ್ಚಿಬಿದ್ದ ಕಥೆಯನ್ನು ಮುಂದೆ ಆತನೇ ಬರೆದನು.

1945ರಲ್ಲಿ ಆತನು ಇಂಗ್ಲೆಂಡಿನ ವಿಪ್‌ಸ್ನೇಡ್ ಮೃಗಾಲಯದಲ್ಲಿ ಪ್ರಾಣಿಗಳ ಪರಿಚಾರಕನಾಗಿ ಸೇರಿದನು. ಅಲ್ಲಿ ಪೇರ್ ಡೇವಿಡ್ ಎಂಬ ಜಾತಿಯ ಜಿಂಕೆಮರಿಗಳಿಗೆ ಹಾಲುಣಿಸುವ ಕೆಲಸ ಆತನ ಪಾಲಿಗೆ ಬಂದಿತು. ಈ ಜಿಂಕೆಗಳ ತವರು ಚೀನಾ. ಅಲ್ಲಿ 1900ರ ಸುಮಾರಿಗೆ ಅವು ನಾಮಾವಶೇಷವಾದವು. ಯೂರೋಪಿನ ಮೃಗಾಲಯಗಳಲ್ಲಿ ಚದುರಿಹೋಗಿದ್ದ 18 ಜಿಂಕೆಗಳನ್ನು ಆಂಗ್ಲ ಶ್ರೀಮಂತನೊಬ್ಬನು ತನ್ನ ಉದ್ಯಾನದಲ್ಲಿ ಕೂಡಿಹಾಕಿದ್ದರಿಂದ ಮಾತ್ರ ಆ ಕುಲ ಉಳಿಯಿತು. ಕಾಡಿನಲ್ಲಿ ಅಳಿದುದನ್ನು ಬೇಲಿಯೊಳಗೆ ಕಾಪಾಡಬಹುದೆಂಬ ಅರಿವು ತರುಣನ ಮನಸ್ಸಿನಲ್ಲಿ ಬೇರೂರಿತು.

ಪಿತ್ರಾರ್ಜಿತವಾಗಿ ಕೈಸೇರಿದ 3000 ಪೌಂಡುಗಳನ್ನು ಆತನು ಆಫ್ರಿಕದ ಕ್ಯಾಮರೂನ್ ಮತ್ತು ದಕ್ಷಿಣ ಅಮೆರಿಕದ ಗಯಾನಾಗಳ ಕಾಡುಗಳಲ್ಲಿ ಪ್ರಾಣಿಗಳನ್ನು ಹಿಡಿದು ತರುವುದರಲ್ಲಿ ವ್ಯಯಿಸಿದನು. ಅವನ್ನು ಮೃಗಾಲಯಗಳಿಗೆ ಮಾರಿದನು. ಇಂದಿನ ಕಣ್ಣಿಗೆ ಈ ಕೆಲಸ ಒಪ್ಪುವಂತಹುದಲ್ಲ. ಅದನ್ನು ಮರೆಮಾಚಲು ನಮಗೆ ಮನಸ್ಸಿಲ್ಲ. ಆತನಿಗೂ ಕ್ರಮೇಣ ಬೇಸರ ಹುಟ್ಟಿತು. ತಾನು ಜತನದಿಂದ ತಂದ ಜೀವಿಗಳು ಕೇವಲ ಪ್ರದರ್ಶನದ ವಸ್ತುಗಳಾದುವಲ್ಲಾ ಎಂಬ ಕೊರಗು ಬೆಳೆಯಿತು.

1957ರಲ್ಲಿ ಕ್ಯಾಮರೂನಿನಿಂದ ತಂದ ಪ್ರಾಣಿಗಳನ್ನು ಆತನು ಮಾರಲಿಲ್ಲ. ಅವುಗಳಿಗೆ ಸ್ಥಳವೂ ಇರಲಿಲ್ಲ! ಬೋರ್ನ್‌ಮತ್ ಪಟ್ಟಣದಲ್ಲಿದ್ದ ಅಕ್ಕನ ಮನೆಯ ಹಿತ್ತಿಲೇ ಅವುಗಳ ಬಿಡಾರವಾಯಿತು. ಚಳಿಗಾಲ ಬಂದಿತು, ಪಟ್ಟಣದ ಆಡಳಿತವು ಜಾಗ ಕೊಡಲೊಪ್ಪಲಿಲ್ಲ. ಕೊನೆಗೆ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಕಡಲಿನಲ್ಲಿರುವ ಜರ್ಸಿ ಎಂಬ ಸಣ್ಣ ದ್ವೀಪದಲ್ಲಿ ಒಂದು ಹಳೆಯ ಬಂಗಲೆ ಬಾಡಿಗೆಗೆ ದೊರೆಯಿತು. 1959ನೆಯ ಮಾರ್ಚ್ 26ರಂದು ಅಲ್ಲಿ ಮೃಗಾಲಯದ ಬಾಗಿಲು ತೆರೆಯಿತು.

ಒಂದೆರಡು ವರ್ಷಗಳಲ್ಲಿಯೇ ಸಾಲವು ಬೆಳೆದು, ತೆರೆದ ಬಾಗಿಲು ಮುಚ್ಚುವ ಸ್ಥಿತಿಯುಂಟಾಯಿತು. ಡರೆಲ್ಲನು ಸಾಲವನ್ನು ತಾನೇ ಹೊತ್ತು ಪುಸ್ತಕಗಳ ಸಂಭಾವನೆಯಿಂದ ತೀರಿಸತೊಡಗಿದನು. ವಿಚಿತ್ರವೆಂದರೆ, ಲೋಕವೆಲ್ಲ ನಕ್ಕು ನಲಿದು ಓದಿದ ಆ ಪುಸ್ತಕಗಳನ್ನು ಬರೆಯುವುದೆಂದರೆ ಆತನಿಗೆ ಅಷ್ಟಕ್ಕಷ್ಟೆ. ಪ್ರಾಣಿಗಳ ಮೇವಿಗಾಗಿ ಬರೆದನೆಂದರೂ ಸಲ್ಲುತ್ತದೆ. 1963ರಲ್ಲಿ ಮೃಗಾಲಯವನ್ನು ಒಂದು ಧರ್ಮಸಂಸ್ಥೆಯ ವಶಕ್ಕೆ ಕೊಟ್ಟು, ಅದರ ಲಾಂಛನವಾಗಿ ಡೋಡೋ ಪಕ್ಷಿಯನ್ನು ಆರಿಸಿದನು. ಹಾರಲಾರದ ಆ ಪಕ್ಷಿ ಮಾರಿಷಸ್ ದ್ವೀಪದಲ್ಲಿ ಮನುಷ್ಯರ ಮತ್ತು ಅವರು ತಂದ ಪ್ರಾಣಿಗಳ ಕಾಟದಿಂದ ಹದಿನೇಳನೆಯ ಶತಮಾನದಲ್ಲಿಯೇ ನಿರ್ನಾಮವಾಗಿತ್ತು.

1976ರಲ್ಲಿ ಡರೆಲ್ಲನು ಆ ಮಾರಿಷಸ್ಸಿಗೇ ಹೋದನು. ಅಲ್ಲಿಯ ಗುಲಾಬಿ ಪಾರಿವಾಳವೂ ಡೋಡೋವಿನ ದಾರಿ ಹಿಡಿದಿತ್ತು. ಕೆಲವು ಹಕ್ಕಿಗಳನ್ನು ಜರ್ಸಿಗೆ ತಂದು ಸಾಕಿದರು. ಮರಿಗಳಾದವು, ಅವುಗಳ ಪೀಳಿಗೆಯನ್ನು ತವರಿಗೆ ಮರಳಿಸುವ ಕೆಲಸ 1980ರ ದಶಕದಲ್ಲಿ ಆರಂಭವಾಯಿತು. ಆದರೂ 1990ರ ವೇಳೆಗೆ ಕಾಡಿನಲ್ಲಿ ಸುಮಾರು ಹತ್ತೇ ಪಾರಿವಾಳಗಳಿದ್ದವು. ಇಲಿಗಳು, ಬೆಕ್ಕುಗಳು, ಕೋತಿಗಳು ಗೂಡುಗಳನ್ನು ಹಾಳುಮಾಡುತ್ತಿದ್ದವು. ಕಾರ್ಯಕರ್ತರು ಪಟ್ಟು ಬಿಡಲಿಲ್ಲ. ಇಂದು ಅವು ನೂರುಗಟ್ಟಲೆಯಿವೆ. ಅಲ್ಲಿಯ ಚಾಣವೆಂಬ ಬೇಟೆಹಕ್ಕಿಯ ಕಥೆಯೂ ಹೀಗೆಯೇ: 1974ರಲ್ಲಿ ಕಾಡಿನಲ್ಲಿ ಉಳಿದಿದ್ದುದಾಗಿ ತಿಳಿದುಬಂದದ್ದು ನಾಲ್ಕೇ ನಾಲ್ಕು.

ಪ್ರಾಣಿಗಳನ್ನು ಜರ್ಸಿಗೆ ತಂದರೆ ಸಾಲದು, ಆಯಾ ದೇಶದವರೇ ಈ ವಿದ್ಯೆ ಕಲಿಯಬೇಕೆಂದು ಡರೆಲ್ಲನು ತನ್ನ ಮೃಗಾಲಯದ ಮಗ್ಗುಲಲ್ಲಿಯೇ ಶಿಕ್ಷಣ ಕೇಂದ್ರವೊಂದನ್ನು ತೆರೆದನು. ಹೀಗೆ ಶಾಲೆಗೆ ಹೋಗದವನು ಶಾಲೆಯನ್ನು ಕಟ್ಟಿದನು. ಅನೇಕ ದೇಶಗಳ ತರುಣರು ಅಲ್ಲಿ ಕಲಿತು ತಮ್ಮ ಕಾಡುಗಳಿಗೆ ಹಿಂದಿರುಗಿದರು.

1995ನೆಯ ಜನವರಿ 30ರಂದು ಜರ್ಸಿಯಲ್ಲಿಯೇ ಡರೆಲ್ಲನು ಕಾಲವಾದನು. ಆತನ ಚಿತಾಭಸ್ಮವನ್ನು ಮೃಗಾಲಯದ ಆವರಣದಲ್ಲಿಯೇ ಹೂಳಲಾಯಿತು. ಅದೇ ವರ್ಷ ಆತನ ಸಂಸ್ಥೆಯು ನಮ್ಮ ಅಸ್ಸಾಮಿನ ಅರಣ್ಯ ಇಲಾಖೆಯೇ ಮೊದಲಾದವರೊಡನೆ ಸೇರಿ, ಗೇಣುದ್ದಕ್ಕಿಂತ ಸ್ವಲ್ಪವೇ ಎತ್ತರವಿರುವ ಒಂದು ಕುಳ್ಳ ಹಂದಿಯ ಜಾತಿಯನ್ನು ಉಳಿಸುವ ಕಾರ್ಯಕ್ಕೆ ಕೈಹಾಕಿತು. ಮಾನಸ ಅರಣ್ಯದಿಂದ ಆರು ಹಂದಿಗಳನ್ನು ತಂದು ಗುವಾಹಟಿಯ ಬಳಿ ಸಾಕಿದರು. ಅವುಗಳ ಸಂತತಿಯನ್ನು 2008ರಲ್ಲಿ ಮೊದಲ ಬಾರಿಗೆ ಸೋನಾಯ್ ರೂಪಾಯ್ ಅಭಯಾರಣ್ಯದ ಎತ್ತರವಾದ ಹುಲ್ಲಿನ ನಡುವೆ ಬಿಟ್ಟರು.