ಏಳು ತಂತಿಯ ಪಿಟೀಲು: ಚೌಡಯ್ಯನವರ ನಾದಸಾಹಸ

ತಂತಿವಾದ್ಯದ ಹಣೆಬರಹ ಅಡಗಿರುವುದು ಅದರ ಬಿರಡೆಯಲ್ಲಿ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ, ಶಹಾಪುರ, ಯಾದಗಿರಿ ಸುತ್ತಲಿನ ಹಳ್ಳಿಗಳ ಭಜನೆಗಳಲ್ಲಿ ತತ್ವಪದ ಹಾಡುವವರ ಕೈಯ ಏಕತಾರಿಗೆ ಒಂದೇ ತಂತಿ, ಒಂದೇ ಬಿರಡೆ. ಅದನ್ನು ತುಸು ತಿರುವಿದರೆ ಶ್ರುತಿ ಸಿದ್ಧ. ವೀಣೆಗೆ ಏಳು ತಂತಿ, ಗಿಟಾರಿಗೆ ಆರು, ಪಿಟೀಲಿಗೆ ನಾಲ್ಕು. ತಂತಿ ಹೆಚ್ಚಿದಂತೆಲ್ಲ ಬಿರಡೆಯೂ ಹೆಚ್ಚುತ್ತದೆ, ಶ್ರುತಿ ಕೆಡುವ ಅಪಾಯವೂ ಹೆಚ್ಚುತ್ತದೆ. ವಿದ್ಯುತ್ ಗಿಟಾರ್ ನುಡಿಸುವ ಇಂದಿನ ಯುವಕರು ಸವೆದ ಬಿರಡೆಯಂತ್ರಗಳನ್ನು ಬಿಚ್ಚಿ ಹೊಸದನ್ನು ಜೋಡಿಸುವುದು ಇದೇ ಕಾರಣಕ್ಕೆ. ವಾದ್ಯ ಎಷ್ಟೇ ಬೆಲೆಯದಾದರೂ ಬಿರಡೆ ಜಾರಿದರೆ ನಾದ ನಿಲ್ಲುವುದಿಲ್ಲ.

ಈ ತೊಡಕನ್ನು ಗೊತ್ತಿದ್ದೂ ಮೈಮೇಲೆ ಎಳೆದುಕೊಂಡ ಕಲಾವಿದರೊಬ್ಬರು ಕನ್ನಡ ನಾಡಿನಲ್ಲಿದ್ದರು. ಶತಮಾನಗಳಿಂದ ನಾಲ್ಕೇ ತಂತಿಗೆ ಒಗ್ಗಿದ್ದ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಬಿಗಿದು, ಏಳು ತಂತಿಗಳ ವಾದ್ಯದೊಂದಿಗೆ ದಕ್ಷಿಣ ಭಾರತದ ಕಛೇರಿ ವೇದಿಕೆಗಳನ್ನು ಆಳಿದವರು ತಿರುಮಕೂಡಲು ಚೌಡಯ್ಯ. ಜನರ ಬಾಯಲ್ಲಿ ಅವರು ಪಿಟೀಲು ಚೌಡಯ್ಯ.

ಸಂಗಮದ ಊರಿನಿಂದ ಮೈಸೂರಿಗೆ

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕಾವೇರಿ ಮತ್ತು ಕಪಿಲೆ ಕೂಡುವ ಕ್ಷೇತ್ರ ಅದು. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆಂಬ ನಂಬಿಕೆಯಿಂದ ತ್ರಿಮಕುಟ ಎಂಬ ಹೆಸರು ಬಂದಿದೆ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಒಕ್ಕಲುತನದ ಹಿನ್ನೆಲೆಯ ಮನೆತನದ ಹುಡುಗನೊಬ್ಬ ಶಾಸ್ತ್ರೀಯ ಸಂಗೀತವನ್ನೇ ಬದುಕಾಗಿ ಆರಿಸಿಕೊಳ್ಳುವುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಮುಂದೆ ಕೀರ್ತನೆಗಳನ್ನು ರಚಿಸಿದಾಗ ಅವರು ತಮ್ಮ ಅಂಕಿತವಾಗಿ ಆರಿಸಿಕೊಂಡದ್ದೂ ತ್ರಿಮಕುಟ ಎಂಬ ಆ ಊರಿನ ಹೆಸರನ್ನೇ.

1910ರಲ್ಲಿ, ಹದಿನೈದರ ಹರೆಯದಲ್ಲಿ, ಚೌಡಯ್ಯನವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಮೂಲತಃ ಕರಾವಳಿಯ ನಂದಳಿಕೆಯವರು. ಬಡತನದಿಂದ ಮೇಲೆ ಬಂದು ಮೈಸೂರಿನ ಆಸ್ಥಾನ ವಿದ್ವಾಂಸರಾದವರು. ದಾಸರ ಪದಗಳಿಗೆ ಕಛೇರಿಯಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅವರು ಮೊದಲಿಗರ ಸಾಲಿಗೆ ಸೇರುತ್ತಾರೆ. ಮೈಸೂರಿನಲ್ಲಿ ಅವರು ಕಟ್ಟಿಸಿದ ರಾಮಮಂದಿರ ಇಂದಿಗೂ ಸಂಗೀತೋತ್ಸವಗಳಿಗೆ ಹೆಸರಾಗಿದೆ.

ಈ ಗುರುಕುಲವಾಸ ನಡೆದದ್ದು ಹದಿನೆಂಟು ವರ್ಷ, 1928ರವರೆಗೆ. ಗುರುಗಳದು ಕಟ್ಟುನಿಟ್ಟಿನ ಶಿಕ್ಷಣ. ಅವರು ಗಾಯಕರಾದ್ದರಿಂದ ಶಿಷ್ಯ ಪಿಟೀಲು ಕಲಿತದ್ದೂ ಗಾಯನದ ಮೂಲಕವೇ. ಹಾಡಿನ ಸಾಹಿತ್ಯ ಎಲ್ಲಿ ಒಡೆಯುತ್ತದೆ, ಗಾಯಕ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಸಂಗತಿಯ ನಂತರ ಯಾವುದು ಬರಬಹುದು ಎಂಬುದನ್ನೆಲ್ಲ ಮೊದಲೇ ಗ್ರಹಿಸಬಲ್ಲ ಪಕ್ಕವಾದ್ಯಗಾರ ರೂಪುಗೊಂಡದ್ದು ಹೀಗೆ.

ಕೊನೆಯ ಸಾಲಿಗೆ ಕೇಳದ ನಾದ

ಚೌಡಯ್ಯನವರು ವೇದಿಕೆಯೇರಿದ ಕಾಲದಲ್ಲಿ ಧ್ವನಿವರ್ಧಕ ಇರಲಿಲ್ಲ. ಮದುವೆಯ ಚಪ್ಪರ, ದೇವಾಲಯದ ಪ್ರಾಕಾರ, ರಾಮನವಮಿಯ ಪೆಂಡಾಲು, ಇವೇ ಸಭಾಂಗಣಗಳು. ಸಾವಿರಾರು ಜನ ಸೇರಿದಾಗ ಗಾಯಕರು ಗಂಟಲು ಬಿಟ್ಟು ಹಾಡುತ್ತಿದ್ದರು. ಮೃದಂಗದ ಸದ್ದು ಹೇಗೋ ತಲುಪುತ್ತಿತ್ತು. ಪಿಟೀಲಿನ ಪಾಡು ಬೇರೆ. ಪಾಶ್ಚಾತ್ಯರ ಪಿಟೀಲು ಎತ್ತರದ ಶ್ರುತಿಗೆ ಹೊಂದುವಂತೆ ತಯಾರಾದ ವಾದ್ಯ. ಅದನ್ನು ನಮ್ಮ ಗಾಯಕರ ತಗ್ಗಿನ ಶ್ರುತಿಗೆ ಇಳಿಸಿ, ಷಡ್ಜ ಪಂಚಮಗಳಿಗೆ ಕೂಡಿಸಿದಾಗ ತಂತಿ ಸಡಿಲವಾಗುತ್ತದೆ, ನಾದ ಕುಗ್ಗುತ್ತದೆ. ಮುಂದಿನ ನಾಲ್ಕಾರು ಸಾಲುಗಳವರಿಗಷ್ಟೇ ಪಿಟೀಲು ಕೇಳುವಂತಾದರೆ ಪಕ್ಕವಾದ್ಯಗಾರನ ಶ್ರಮವೆಲ್ಲ ವ್ಯರ್ಥ. ವಿಮರ್ಶಕರ ಮೆಚ್ಚುಗೆ, ಮುಂದಿನ ಕಛೇರಿಯ ಕರೆ ಎಲ್ಲವೂ ಆ ಕೇಳುವಿಕೆಯನ್ನೇ ಅವಲಂಬಿಸಿದ್ದವು.

ಇದೇ ಚಿಂತೆ ಅದೇ ದಿನಗಳಲ್ಲಿ ಜಗತ್ತಿನ ಇನ್ನೊಂದು ಮೂಲೆಯನ್ನೂ ಕಾಡುತ್ತಿತ್ತು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಷಾಂಪ್ ಎಂಬ ವಾದಕನಿಗೆ ವಾದ್ಯವೃಂದದ ಗದ್ದಲದಲ್ಲಿ ತನ್ನ ಗಿಟಾರ್ ಕೇಳಿಸುವುದಿಲ್ಲವೆಂಬ ಕೊರಗು. ಜಾನ್ ದೊಪಿಯೆರಾ ಎಂಬ ವಾದ್ಯಶಿಲ್ಪಿ ಗಿಟಾರಿನ ಒಡಲೊಳಗೆ ಲೋಹದ ಶಂಕುಗಳನ್ನಿಟ್ಟು ನಾದ ಹಿಗ್ಗಿಸಿದ. ಕೆಲವೇ ವರ್ಷಗಳಲ್ಲಿ, 1930ರ ದಶಕದ ಆರಂಭಕ್ಕೆ, ಬೋಷಾಂಪ್‌ನ ಪ್ರಯತ್ನದಿಂದ ವಿದ್ಯುತ್ ಗಿಟಾರ್ ಕೂಡ ಹುಟ್ಟಿತು. ಪಶ್ಚಿಮದವರು ಲೋಹಕ್ಕೂ ವಿದ್ಯುತ್ತಿಗೂ ಮೊರೆಹೋದರು. ಮೈಸೂರಿನ ಚೌಡಯ್ಯನವರು ಮೊರೆಹೋದದ್ದು ತಂತಿಗೆ.

ಮೂರು ತಂತಿಗಳ ಸೇರ್ಪಡೆ

ಏಳು ತಂತಿಯ ಪಿಟೀಲು ರೂಪುಗೊಂಡದ್ದು 1927ರ ಸುಮಾರಿಗೆ. ಯೋಚನೆ ಕೇಳಲು ಸರಳ. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ತಲಾ ಒಂದು ಜೊತೆ ತಂತಿ. ಕಮಾನು ಎಳೆದಾಗ ಎರಡೂ ಒಟ್ಟಿಗೆ ನುಡಿಯುತ್ತವೆ. ನಾದ ಗಾತ್ರ ಪಡೆಯುತ್ತದೆ, ದೂರಕ್ಕೆ ಹೋಗುತ್ತದೆ. ಆದರೆ ಕೈಯಲ್ಲಿ ಹಿಡಿದು ಮಾಡಹೊರಟರೆ ಹೆಜ್ಜೆಹೆಜ್ಜೆಗೂ ತೊಡಕು.

ಮೊದಲನೆಯದು ಬಿರಡೆಯದು. ಪಿಟೀಲಿನ ತಲೆಭಾಗದ ಗೂಡು ನಾಲ್ಕು ಬಿರಡೆಗಳಿಗೆ ಅಳತೆಯಿಟ್ಟು ಕೊರೆದದ್ದು. ಅಲ್ಲಿ ಹೆಚ್ಚಿನ ಮೂರು ತಂತಿಗಳಿಗೆ ಎಡೆ ಮಾಡಬೇಕು, ಒಂದು ತಂತಿ ಮತ್ತೊಂದರ ಬಿರಡೆಗೆ ಉಜ್ಜದಂತೆ ದಾರಿ ಬಿಡಬೇಕು. ಗಿಟಾರಿನ ಬಿರಡೆಗೆ ಹಲ್ಲಿನ ಚಕ್ರಗಳಿರುತ್ತವೆ. ಹತ್ತು ಹದಿನೈದು ಸುತ್ತು ತಿರುವಿದರೆ ಒಳಗಿನ ಕಂಬ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸುಲಭವಾಗಿ ಸರಿಪಡಿಸಬಹುದು. ಪಿಟೀಲಿನದು ಬರಿಯ ಮರದ ಬಿರಡೆ, ಮರದ ರಂಧ್ರ. ಅದನ್ನು ಹಿಡಿದಿಡುವುದು ಘರ್ಷಣೆಯೊಂದೇ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಸೀಮೆಸುಣ್ಣ ಸವರಿ ಕಛೇರಿ ಮುಗಿಸಿದ ಪಿಟೀಲುಗಾರರು ಅದೆಷ್ಟೋ.

ಎರಡನೆಯದು ಭಾರದ್ದು. ನಾಲ್ಕು ತಂತಿಗಳನ್ನು ಪಾಶ್ಚಾತ್ಯ ಶ್ರುತಿಗೆ ಬಿಗಿದಾಗಲೇ ಪಿಟೀಲಿನ ಮೇಲಿನ ಒಟ್ಟು ಸೆಳೆತ 20 ಕಿಲೋಗ್ರಾಂ ಮೀರುತ್ತದೆ. ನಮ್ಮ ಶ್ರುತಿ ತಗ್ಗಿನದಾದರೂ, ಮತ್ತೆ ಮೂರು ತಂತಿ ಸೇರಿದಾಗ ತೆಳುವಾದ ಮೇಲುಹಲಗೆಯ ಮೇಲೆ ಕುದುರೆಯ ಒತ್ತಡ ಏರಲೇಬೇಕು. ಕುದುರೆಯ ರೂಪವನ್ನೂ ಬದಲಿಸಬೇಕು. ಅದರ ನೆತ್ತಿ ಬಾಗಿರದಿದ್ದರೆ ಕಮಾನು ಎಲ್ಲ ತಂತಿಗಳನ್ನೂ ಒಮ್ಮೆಗೇ ಮುಟ್ಟುತ್ತದೆ. ಹೆಚ್ಚು ಬಾಗಿದರೆ ಜೊತೆ ತಂತಿಗಳಲ್ಲಿ ಒಂದನ್ನು ಮಾತ್ರ ಮುಟ್ಟುತ್ತದೆ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ಶ್ರುತಿಶುದ್ಧಿಯದು. ಒಂಟಿ ತಂತಿ ಕೊಂಚ ಇಳಿದರೆ ನುರಿತ ವಾದಕ ಬೆರಳಿನ ಸ್ಥಾನ ಸರಿಸಿ ಸಂಭಾಳಿಸಬಲ್ಲ. ಜೋಡಿ ತಂತಿಗಳಲ್ಲಿ ಒಂದು ಇಳಿದರೆ ಅದಕ್ಕೆ ಮದ್ದಿಲ್ಲ. ಎರಡು ನಾದಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ಅಲೆಯಲೆಯಾಗಿ ನಡುಗುತ್ತವೆ, ಕೇಳುಗರ ಕಿವಿಗೆ ಕೂಡಲೇ ತಿಳಿಯುತ್ತದೆ. ಗಮಕ ತೆಗೆಯುವಾಗ ಒಂದೇ ಬೆರಳು ಎರಡು ತಂತಿಗಳನ್ನೂ ಸಮನಾಗಿ ಒತ್ತಿ ಜಾರಬೇಕು. ಹದಿನೇಳು ವರ್ಷ ನಾಲ್ಕು ತಂತಿಯಲ್ಲಿ ಪಳಗಿದ ಕೈ ಮತ್ತೆ ಮೊದಲಿನಿಂದ ಅಭ್ಯಾಸ ಮಾಡಬೇಕಾಯಿತು. ಆ ಸಾಧನೆಯನ್ನು ಚೌಡಯ್ಯನವರು ಸದ್ದಿಲ್ಲದೆ ನಡೆಸಿದರು.

ಗುರುವಿನ ಮುಂದೆ ಪರೀಕ್ಷೆ

ಈ ಪ್ರಯೋಗ ನಡೆದಾಗ ಅವರಿನ್ನೂ ಗುರುಕುಲದಲ್ಲೇ ಇದ್ದರೆಂಬುದು ಗಮನಾರ್ಹ. ಸಂಪ್ರದಾಯನಿಷ್ಠರಾದ ಗುರುಗಳ ಕಣ್ಣೆದುರಿನಲ್ಲಿ ವಾದ್ಯದ ರೂಪವನ್ನೇ ಬದಲಿಸುವುದೆಂದರೆ ಹುಡುಗಾಟವಲ್ಲ. ಗುರು ಮುನಿದರೆ ಶಿಷ್ಯನಿಗೆ ವೇದಿಕೆಯೂ ಇಲ್ಲ, ಆಶ್ರಯವೂ ಇಲ್ಲ. ಸಂಗೀತ ವಲಯದಲ್ಲಿ ಹೇಳುತ್ತ ಬಂದಿರುವ ಪ್ರಕಾರ, ಕೃಷ್ಣಪ್ಪನವರಿಗೆ ಮೊದಲು ಈ ಬದಲಾವಣೆಯ ಸುಳಿವೇ ಇರಲಿಲ್ಲ. ಪಕ್ಕದಲ್ಲಿ ಕೇಳಿಬಂದ ಪಿಟೀಲಿನ ನಾದ ಎಂದಿಗಿಂತ ತುಂಬಿಕೊಂಡಿದೆಯೆಂದು ಅನಿಸಿ, ಬಳಿಕ ವಾದ್ಯವನ್ನು ನೋಡಿದಾಗ ಗುಟ್ಟು ಬಯಲಾಯಿತಂತೆ. ಅವರು ಆಕ್ಷೇಪಿಸಿದರೆಂದೂ, ನಾದದ ಗುಣವನ್ನು ಪರೀಕ್ಷಿಸಿದ ಮೇಲೆ ಮುಂದುವರಿಸಲು ಒಪ್ಪಿಗೆಯಿತ್ತರೆಂದೂ ಹೇಳುತ್ತಾರೆ. ಕಥೆಯ ವಿವರಗಳು ಹೇಗೇ ಇರಲಿ, ಗುರುವಿನ ಕಾಲದಲ್ಲೇ ಶಿಷ್ಯನ ಏಳು ತಂತಿಯ ಪಿಟೀಲು ವೇದಿಕೆಯೇರಿತು. ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು.

ಟೀಕೆ ಇರಲಿಲ್ಲವೆಂದಲ್ಲ. ನಾಲ್ಕು ತಂತಿಯ ನವುರು ಏಳರಲ್ಲಿ ಮಸುಕಾಗುತ್ತದೆ ಎಂಬುದು ಒಂದು ವರ್ಗದ ರಸಿಕರ ಅಭಿಪ್ರಾಯ. ಆ ಮಾತಿನಲ್ಲಿ ಹುರುಳಿದೆ. ಜೋಡಿ ತಂತಿಗಳಿಂದ ಗಾತ್ರ ದೊರೆಯುವಷ್ಟು ಸುಲಭವಾಗಿ ನಯ ದೊರೆಯುವುದಿಲ್ಲ. ಹೀಗಿದ್ದೂ ಚೌಡಯ್ಯನವರ ನುಡಿಸಾಣಿಕೆಗೆ ಜನ ಮುಗಿಬಿದ್ದರೆಂದರೆ ಅದು ಕಮಾನಿನ ಮೇಲೆ ಅವರಿಗಿದ್ದ ಹಿಡಿತಕ್ಕೆ ಸಾಕ್ಷಿ.

ಪಕ್ಕವಾದ್ಯದ ಘನತೆ

ಆ ಕಾಲದ ದಕ್ಷಿಣಾದಿ ಸಂಗೀತದಲ್ಲಿ ಪಿಟೀಲಿನ ತ್ರಿಮೂರ್ತಿಗಳೆಂದು ಕರೆಸಿಕೊಂಡವರು ಮೂವರು: ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಮತ್ತು ಮೈಸೂರು ಚೌಡಯ್ಯ. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಸೆಮ್ಮಂಗುಡಿ ಶ್ರೀನಿವಾಸಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮುಂತಾದ ಅಗ್ರಶ್ರೇಣಿಯ ಗಾಯಕರಿಗೆಲ್ಲ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. ಚೆಂಬೈ ವೈದ್ಯನಾಥ ಭಾಗವತರೊಂದಿಗೆ ಅವರದು ವಿಶೇಷ ನಂಟು. ಭಾಗವತರದು ಕಂಚಿನ ಕಂಠ. ಅದಕ್ಕೆ ಸರಿಸಾಟಿಯಾಗಿ ನಿಲ್ಲಬಲ್ಲ ಪಿಟೀಲು ಏಳು ತಂತಿಯದೇ. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವೂ ಸೇರಿದರೆ ರಸಿಕರಿಗೆ ಹಬ್ಬ.

ಮೈಸೂರಿನ ಆಸ್ಥಾನ ವಿದ್ವಾಂಸರಾದ ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಸಂದಿತು. ಮದರಾಸೇ ಕರ್ನಾಟಕ ಸಂಗೀತದ ರಾಜಧಾನಿಯಾಗಿದ್ದ ದಿನಗಳಲ್ಲಿ ಕನ್ನಡಿಗ ಪಿಟೀಲುಗಾರರೊಬ್ಬರಿಗೆ ದೊರೆತ ಈ ಮನ್ನಣೆ ಸಣ್ಣದಲ್ಲ.

ಕಛೇರಿಯ ಆಚೆಗೂ ಅವರ ಉತ್ಸಾಹ ಹರಿದಿತ್ತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಶಾಲೆ ಸ್ಥಾಪಿಸಿ ಅನೇಕರಿಗೆ ವಿದ್ಯೆ ಧಾರೆಯೆರೆದರು. ಆರ್.ಕೆ. ವೆಂಕಟರಾಮ ಶಾಸ್ತ್ರಿ, ವಿ. ಸೇತುರಾಮಯ್ಯ, ಕಂಡದೇವಿ ಅಳಗಿರಿಸ್ವಾಮಿ ಅವರ ಶಿಷ್ಯರಲ್ಲಿ ಪ್ರಮುಖರು. 1943ರಲ್ಲಿ ತೆರೆಕಂಡ ಕನ್ನಡ ಚಿತ್ರ ವಾಣಿಯ ಹಿಂದೆಯೂ ಚೌಡಯ್ಯನವರಿದ್ದರು. ಕೆ. ಹಿರಣ್ಣಯ್ಯ ನಿರ್ದೇಶಿಸಿದ ಆ ಚಿತ್ರದ ಮೂಲಕವೇ ಪಂಡರೀಬಾಯಿ ಬೆಳ್ಳಿತೆರೆಗೆ ಬಂದರು. ಚಿತ್ರ ಅವರಿಗೆ ಹೆಸರು ತಂದಷ್ಟು ಹಣ ತರಲಿಲ್ಲವೆಂದು ಹೇಳುವುದುಂಟು.

ಮೈಕು ಬಂದ ಮೇಲೆ

ಧ್ವನಿವರ್ಧಕ ಊರೂರಿಗೆ ಬಂದ ಮೇಲೆ ಏಳು ತಂತಿಯ ಪಿಟೀಲಿನ ಮೂಲ ಅಗತ್ಯವೇ ಇಲ್ಲವಾಯಿತು. ನಾಲ್ಕು ತಂತಿಯ ಮೆಲುದನಿಯೂ ಕೊನೆಯ ಸಾಲನ್ನು ತಲುಪತೊಡಗಿತು. ಶಿಷ್ಯರಲ್ಲೂ ಏಳು ತಂತಿಯ ಹಾದಿ ಹಿಡಿದವರು ವಿರಳ. ಏಳನ್ನೂ ಶ್ರುತಿಯಲ್ಲಿ ಕಾಯ್ದುಕೊಳ್ಳುವ ತಾಳ್ಮೆ, ಅದಕ್ಕೆ ಬೇಕಾದ ತೋಳ್ಬಲ ಎಲ್ಲರಿಗೂ ದಕ್ಕುವಂಥದ್ದಲ್ಲ. ಆದರೆ ಚೌಡಯ್ಯನವರು ತಮ್ಮ ವಾದ್ಯವನ್ನು ಬಿಡಲಿಲ್ಲ. 1967ರ ಜನವರಿ 19ರಂದು ಅವರು ಕಣ್ಮುಚ್ಚಿದಾಗ ಏಳು ತಂತಿಯ ನಾದಯುಗವೇ ಬಹುಮಟ್ಟಿಗೆ ಮುಗಿದಂತಾಯಿತು.

ಅಗತ್ಯ ತೀರಿದೊಡನೆ ಮರೆಯಾಗುವುದು ಅನೇಕ ಆವಿಷ್ಕಾರಗಳ ಪಾಡು. ಇದರಿಂದ ಅವುಗಳ ಬೆಲೆ ಕುಗ್ಗುವುದಿಲ್ಲ. ವಾದ್ಯ ಪರಂಪರೆಯಿಂದ ಬಂದದ್ದಾದರೂ ಅದರ ಕೊರತೆಯನ್ನು ತಿದ್ದುವ ಹಕ್ಕು ನುಡಿಸುವವನಿಗೆ ಇದೆ, ತಿದ್ದಿದ ಮೇಲೆ ಅದನ್ನು ಸಾಧಿಸಿ ತೋರಿಸುವ ಹೊಣೆಯೂ ಅವನದೇ ಎಂಬ ಪಾಠವನ್ನು ಚೌಡಯ್ಯನವರ ಬದುಕು ಹೇಳುತ್ತದೆ. ತಮ್ಮ ಗಿಟಾರಿನ ಬಿರಡೆಯನ್ನು ತಾವೇ ಬದಲಿಸಿಕೊಳ್ಳುವ ಹುಡುಗರಿಗೂ ಈ ಮಾತು ಸಲ್ಲುತ್ತದೆ. ಬಿರಡೆ ಬದಲಾದ ಮಾತ್ರಕ್ಕೆ ಸಂಗೀತ ಬರುವುದಿಲ್ಲ. ಅಭ್ಯಾಸ ಬೇಕು.

ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಪ್ರಶಸ್ತಿ ನೀಡುತ್ತ ಬಂದಿದೆ. ಬೆಂಗಳೂರಿನ ರಸ್ತೆಯೊಂದು ಅವರ ಹೆಸರು ಹೊತ್ತಿದೆ. ಇವೆಲ್ಲಕ್ಕಿಂತ ವಿಶಿಷ್ಟವಾದ ಸ್ಮಾರಕ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ. ಕೆ.ಕೆ. ಮೂರ್ತಿಯವರ ಮುತುವರ್ಜಿಯಿಂದ ಎದ್ದು 1980ರಲ್ಲಿ ಸಿದ್ಧವಾದ ಈ ಸಭಾಂಗಣ ಇರುವುದೇ ಪಿಟೀಲಿನ ಆಕಾರದಲ್ಲಿ. ಕುದುರೆ, ಕಮಾನು, ತಂತಿ, ಬಿರಡೆ ಎಲ್ಲವೂ ಅಲ್ಲುಂಟು. ಸಂಜೆ ಕಛೇರಿಗೆಂದು ಬರುವವರು ಒಮ್ಮೆ ತಲೆಯೆತ್ತಿ ತಂತಿಗಳನ್ನು ಎಣಿಸಬಹುದು. ನಾಲ್ಕಲ್ಲ, ಏಳು.