ಪಂಡಿತೆ ರಮಾಬಾಯಿಯವರ ಜೀವಿತವೂ ಬೇಸಿಗೆಯ ರಜೆಯೂ

ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆಯಿರುವದು. ಹುಬ್ಬಳ್ಳಿಯ ಸಮೀಪದ ತಾರಿಹಾಳ ಮೊದಲಾದ ಊರುಗಳಲ್ಲಿ ಓದಿನಲ್ಲಿಯೂ ಲೆಕ್ಕದಲ್ಲಿಯೂ ಹಿಂದುಳಿದ ಮಕ್ಕಳು ಆ ದಿನಗಳಲ್ಲಿ ಕಲಿತದ್ದನ್ನೂ ಮರೆಯುವದುಂಟು. ಬಳಿಕ ಅವರು ಶಾಲೆಗೆ ಹೋಗಲು ನಾಚುವರು. ನಾಚಿದವರು ಕಡೆಗೆ ಕೂಲಿಗೆ ಸೇರುವರು. ಇಂಥ ಮಕ್ಕಳ ತಂದೆತಾಯಿಗಳಿಗೆ ಪ್ರಯೋಜನವಾಗಲೆಂದು ನಾವು ಕನ್ನಡ ಸೀಮೆಯಲ್ಲಿಯೇ ಹುಟ್ಟಿದ ಪಂಡಿತೆ ರಮಾಬಾಯಿಯವರ ಜೀವಿತವನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1858ನೆಯ ಇಸವಿ ಏಪ್ರಿಲ್ 23ರಂದು ಸಹ್ಯಾದ್ರಿಯ ಗಂಗಾಮೂಲವೆಂಬ ಅಡವಿಯಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಸ್ವಜನರ ವಿರೋಧವನ್ನು ಸಹಿಸಿ ಅಲ್ಲಿ ಮನೆಮಾಡಿದ್ದರು. ಕೂಸು ಆರು ತಿಂಗಳಿನದಿರುವಾಗ ಕುಟುಂಬದವರು ಅದನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಹೊರಿಸಿಕೊಂಡು ತೀರ್ಥಯಾತ್ರೆಗೆ ಹೊರಟರು. ಹೀಗೆ ಊರೂರು ತಿರುಗಿದ ಹುಡುಗಿಗೆ ಶಾಲೆಯೆಂಬದು ಇರಲಿಲ್ಲ. ಹಗಲೆಲ್ಲಾ ಕೆಲಸದಿಂದ ಬಿಡುವಿಲ್ಲದ ತಾಯಿಯು ನಸುಕಿನಲ್ಲಿ ಮಗಳನ್ನು ಪ್ರೀತಿಯಿಂದ ಎಬ್ಬಿಸಿ ಪಾಠ ಹೇಳಿಕೊಟ್ಟರು. ಆ ನಸುಕಿನ ಪಾಠವೇ ಅವರ ವಿದ್ಯೆಗೆ ಅಸ್ತಿವಾರವಾಯಿತು.

ತರುವಾಯ ಕ್ಷಾಮಕಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಹೋದರು. 1878ರಲ್ಲಿ ಕಲಕತ್ತೆಯ ವಿದ್ವಾಂಸರು ರಮಾಬಾಯಿಯವರನ್ನು ಪಂಡಿತೆಯೆಂದು ಸನ್ಮಾನಿಸಿದರು. 1880ರಲ್ಲಿ ವಿವಾಹವಾದ ಅವರು ಎರಡೇ ವರುಷಗಳಲ್ಲಿ ಎಳೆಕೂಸಿನೊಂದಿಗೆ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು.

1896-97ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಂದ ಸುಮಾರು 300 ಮಂದಿ ಅನಾಥೆಯರನ್ನು ಕರೆತಂದರು. ಹಸಿವಿನಿಂದ ಬಡಕಲಾದ ಅವರಲ್ಲಿ ಅನೇಕರು ಅಕ್ಷರವನ್ನೇ ಅರಿಯದವರು. ಕಲಿಯುವ ಪ್ರಾಯ ಮೀರಿತೆಂದು ಲೋಕವು ಎಣಿಸಿದವರು. ರಮಾಬಾಯಿಯವರು ಹಾಗೆಣಿಸಲಿಲ್ಲ. ಪುಣೆಗೆ ಸಮೀಪದ ಕೇಡಗಾಂವದ ಮುಕ್ತಿ ಸದನದಲ್ಲಿ ಮೊದಲು ಅನ್ನವಿಟ್ಟು, ಬಳಿಕ ಅಕ್ಷರವನ್ನು ಕೊಟ್ಟರು. ಮುಂಚೆ ಕಲಿತವರು ಹೊಸಬರಿಗೆ ಕಲಿಸಿದರು. ಓದಿನೊಡನೆ ನೇಯ್ಗೆ, ಮುದ್ರಣ, ಹೊಲದ ಕೆಲಸಗಳೂ ನಡೆದವು. ಕುರುಡರಿಗೆ ಬ್ರೈಲ್ ಲಿಪಿಯಿಂದ ಓದಲು ಕಲಿಸಲಾಯಿತು. ನಮ್ಮ ಕಲಬುರ್ಗಿಯಲ್ಲಿಯೂ ಅವರು ಶಾಲೆಯನ್ನು ಸ್ಥಾಪಿಸಿ ಅದನ್ನು ಮಗಳಾದ ಮನೋರಮಾಬಾಯಿಯವರಿಗೆ ಒಪ್ಪಿಸಿದರು. ಸತ್ಯವೇದವನ್ನು ಸರಳ ಮರಾಠಿಗೆ ತರ್ಜುಮೆ ಮಾಡಿ ಮುಗಿಸಿ, 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ವಾಚಕರೇ, ಹಿಂದುಳಿದ ಮಗುವು ದಡ್ಡ ಮಗುವಲ್ಲ. ಜೊತೆಗೆ ಕೂಡ್ರುವವರಿಲ್ಲದ ಮಗುವು. ಈ ರಜೆಯಲ್ಲಿ ಬೆಳಗಿನ ತಂಪಿನಲ್ಲಿ ಒಂದು ತಾಸು ದೇವಾಲಯದ ಪಡಸಾಲೆಯಲ್ಲಿ ಅಂಥವರನ್ನು ಕೂಡಿಸಿರಿ. ಓದುಬಲ್ಲ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸಲಿ. ಮುಂದಿನ ಪುಸ್ತಕಕ್ಕೆ ಅವಸರಪಡದೆ, ಒತ್ತಕ್ಷರವಾಗಲಿ ಮಗ್ಗಿಯಾಗಲಿ, ಮಗು ಎಡವಿದ ಕಡೆಯಿಂದಲೇ ಆರಂಭಿಸಿರಿ. ಓದಲು ಬಾರದ ತಾಯಿಯೂ ಮಗುವನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳುಹಿಸಬಲ್ಲಳು. ಅದೂ ಕರ್ತನ ಸೇವೆಯೇ.