ಕಿರ್ಲೋಸ್ಕರ್ ರೋಡಿನ ಸೈಕಲ್ ಅಂಗಡಿ

ಫಸ್ಟ್ ಇಯರ್ ವರ್ಕ್‌ಶಾಪ್‌ನಲ್ಲಿ ನಾನು ಕೆಲಸ ಕಲಿತ ಲೇಥ್ ಮೇಲೆ ಒಂದು ಹಳೇ ಪ್ಲೇಟ್ ಇತ್ತು: ಮೈಸೂರು ಕಿರ್ಲೋಸ್ಕರ್, ಹರಿಹರ. ಖಾನಾಪುರದಿಂದ ದಿನಾ ಬೆಳಗಾವಿಗೆ ಬಂದು ಹೋಗೋ ನಾನು ಇಲ್ಲಿನ ಕಿರ್ಲೋಸ್ಕರ್ ರೋಡಿನಲ್ಲಿ ಎಷ್ಟು ಸಲ ಓಡಾಡಿದ್ದೀನೋ ಲೆಕ್ಕ ಇಲ್ಲ. ಆದ್ರೆ ಆ ಪ್ಲೇಟಿಗೂ ಈ ರೋಡಿಗೂ ಸಂಬಂಧ ಇದೆ ಅಂತ ಹೊಳೆದಿರ್ಲಿಲ್ಲ. ಈ ಸೆಮ್‌ನಲ್ಲಿ ಟೇಲರ್, ಫೇಯೋಲ್, ಮೇಯೋ ಅಂತ ಮ್ಯಾನೇಜ್‌ಮೆಂಟ್ ಬಾಯಿಪಾಠ ಮಾಡುವಾಗ ನಮ್ಮ ಕಡೆಯವರು ಯಾರೂ ಇಲ್ವಾ ಅಂತ ಹುಡುಕಿದೆ. ಸಿಕ್ಕವರು ಲಕ್ಷ್ಮಣರಾವ್ ಕಿರ್ಲೋಸ್ಕರ್.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ. ಹುಡುಗನಿಗೆ ಪುಸ್ತಕ ಬೇಡ, ಚಿತ್ರ ಮತ್ತು ಯಂತ್ರ ಬೇಕು. 1885ರಲ್ಲಿ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಅಲ್ಲಿ ಗೊತ್ತಾಗಿದ್ದೇನಂದ್ರೆ, ಅವರಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಕಾಣಲ್ಲ! ಪೇಂಟಿಂಗ್ ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು. ಅದಕ್ಕೆ ಬಣ್ಣ ಬೇಕಿಲ್ಲ, ಗೆರೆ ಸಾಕು. ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಅದನ್ನೇ ಕಲಿಸೋ ಮೇಷ್ಟ್ರಾದರು. ಮುಂದೆ ಅವರಿಗೆ ಬರಬೇಕಿದ್ದ ಪ್ರಮೋಷನ್ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಹೋಯಿತು. ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಇದ್ದರು. ತಮ್ಮ ಮುಂಬೈಯಿಂದ ಸೈಕಲ್ ಕಳಿಸೋದು, ಅಣ್ಣ ಇಲ್ಲಿ ಮಾರೋದು. ಒಂದು ಸೈಕಲ್‌ಗೆ 700 ರಿಂದ 1000 ರೂಪಾಯಿ. ಆ ಕಾಲಕ್ಕೆ ಅದು ಶ್ರೀಮಂತರ ಆಟಿಕೆ. ಓಡಿಸೋದು ಕಲಿಸಲಿಕ್ಕೆ ಬೇರೆ 15 ರೂಪಾಯಿ. ಕಿರ್ಲೋಸ್ಕರ್ ಬ್ರದರ್ಸ್ ತನ್ನ ಹುಟ್ಟನ್ನ 1888ರಿಂದ ಲೆಕ್ಕ ಹಾಕುತ್ತೆ. ಆ ಅಂಗಡಿಯಿಂದಲೇ ರೋಡಿಗೆ ಈ ಹೆಸರು ಬಂದಿದ್ದು.

ಆದ್ರೆ ಲಕ್ಷ್ಮಣರಾವ್‌ಗೆ ಬೇರೆಯವರು ಮಾಡಿದ್ದನ್ನ ಮಾರಿ ಸಮಾಧಾನ ಇರ್ಲಿಲ್ಲ. ಅಮೆರಿಕದ ಫೌಂಡ್ರಿ, ಮೆಷಿನ್ ಪತ್ರಿಕೆಗಳನ್ನ ತರಿಸಿಕೊಂಡು ಓದೋರು. ಡಿಗ್ರಿ ಇಲ್ಲದ ಮನುಷ್ಯ, ನೆನಪಿರಲಿ. ಮೊದಲು ಮೇವು ಕತ್ತರಿಸೋ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ರಂಟಿ. ರಂಟಿ ಚೆನ್ನಾಗೇ ಇತ್ತು, ಕೊಳ್ಳೋರೇ ಇಲ್ಲ. ಕಬ್ಬಿಣ ತಾಗಿದ್ರೆ ಭೂಮಿಗೆ ವಿಷ ಏರುತ್ತೆ ಅನ್ನೋದು ರೈತರ ನಂಬಿಕೆ. ಮೊದಲ ರಂಟಿ ಮಾರಾಟ ಆಗಲಿಕ್ಕೆ ಎರಡು ವರ್ಷ ಹಿಡಿಯಿತು. ನಾವು ಪ್ರಾಜೆಕ್ಟ್ ಎಕ್ಸ್‌ಪೋದಲ್ಲಿ ಎರಡು ದಿನ ಯಾರೂ ಸ್ಟಾಲ್‌ಗೆ ಬರಲಿಲ್ಲ ಅಂತ ಮುಖ ಸಣ್ಣ ಮಾಡ್ಕೊಂಡಿದ್ವಿ!

ರಂಟಿಗೆ ಗಿರಾಕಿ ಸಿಗೋ ಹೊತ್ತಿಗೆ ಬೆಳಗಾವಿ ಮುನಿಸಿಪಾಲಿಟಿ ಜಾಗ ಖಾಲಿ ಮಾಡಿ ಅಂತು. ಅಲ್ಲಿ ಹೊಸ ಬಡಾವಣೆ ಬರಬೇಕಿತ್ತು. ಕಾರ್ಖಾನೆ ಹೊರಗೆ ಹಾಕಿದ ಊರೇ ಆಮೇಲೆ ರೋಡಿಗೆ ಅವರ ಹೆಸರಿಟ್ಟುಕೊಂಡಿದೆ. ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜರು. 10,000 ರೂಪಾಯಿ ಸಾಲ, ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಭೂಮಿ. ಭೂಮಿ ಅಂದ್ರೆ ಪಾಪಾಸುಕಳ್ಳಿ, ನಾಗರಹಾವು, ಅಷ್ಟೇ. 1910ರಲ್ಲಿ ಸುಮಾರು 25 ಕೆಲಸಗಾರರು ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ಅವರ ಜೊತೆ ಅಲ್ಲಿಗೆ ಹೋದರು. ಅದೇ ಕಿರ್ಲೋಸ್ಕರವಾಡಿ.

ನನಗೆ ಅತಿ ಇಂಟರೆಸ್ಟಿಂಗ್ ಅನ್ಸಿದ್ದು ಇಲ್ಲಿಂದ. ಮುಂದಿನ ವರ್ಷವೇ, 1911ರಲ್ಲಿ, ಟೇಲರ್ ಪುಸ್ತಕ ಬಂತು. ಅದರಲ್ಲಿ ಬೆತ್ಲೆಹೆಮ್ ಸ್ಟೀಲ್‌ನ ಕೂಲಿಯೊಬ್ಬ ದಿನಕ್ಕೆ 12.5 ಟನ್ ಬದಲು 47.5 ಟನ್ ಬೀಡುಕಬ್ಬಿಣ ಹೊರೋ ಕಥೆ ಇದೆ. ಎಕ್ಸಾಮ್‌ಗೆ ಗ್ಯಾರಂಟಿ ಬರುತ್ತೆ. ಟೇಲರ್ ಪ್ರಕಾರ ಯೋಚನೆ ಮಾಡೋದು ಮ್ಯಾನೇಜರ್ ಕೆಲಸ, ಹೇಳಿದ್ದನ್ನ ಮಾಡೋದು ಕೂಲಿಯ ಕೆಲಸ. ಕಿರ್ಲೋಸ್ಕರವಾಡಿಯಲ್ಲಿ ಲಕ್ಷ್ಮಣರಾವ್ ಶಾಲೆ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಅನ್ನೋರನ್ನ ಎಂಜಿನಿಯರ್ ಮಾಡಿದರು. ಜೈಲು ಕಂಡು ಬಂದಿದ್ದ ತುಕಾರಾಮ್ ರಾಮೋಶಿ, ಪಿರ್ಯಾ ಮಾಂಗ್ ಇಬ್ಬರನ್ನೂ ಕಾವಲಿಗೆ ಇಟ್ಟರು. ಊರು ಕಟ್ಟಿ ನಡೆಸೋ ಹೊಣೆ ರಾಮುಅಣ್ಣನದು. ಅಸ್ಪೃಶ್ಯತೆ ಆ ಊರೊಳಗೆ ನಡೆಯುವಂತಿರಲಿಲ್ಲ. ಕೆಲಸಗಾರನ ಮೇಲೆ ಗಮನ ಇಟ್ಟರೆ ಕೆಲಸವೇ ಬದಲಾಗುತ್ತೆ ಅಂತ ಹೇಳೋ ಹಾಥಾರ್ನ್ ಪ್ರಯೋಗ ಶಿಕಾಗೋ ಹತ್ತಿರ ಶುರುವಾಗಿದ್ದು 1924ರಲ್ಲಿ.

ಹಾಗಂತ ಎಲ್ಲಾ ಚೆಂದ ಅಂತ ನಾನು ಒಪ್ಪಲ್ಲ. ಕೆಲಸ ಕೊಡೋನೂ ಮನೆ ಕೊಡೋನೂ ಒಬ್ಬನೇ ಆದ್ರೆ, ಕೆಲಸಗಾರ ಜಗಳ ಆಡೋದು ಯಾವ ಧೈರ್ಯದ ಮೇಲೆ? ಒಳ್ಳೇ ಧಣಿ ಇದ್ದಾಗ ನಡೆಯುತ್ತೆ. ಟೇಲರ್ ಸ್ಟಾಪ್‌ವಾಚ್ ಯಾರ ಕೈಗಾದ್ರೂ ಕೊಡಬಹುದು, ಲಕ್ಷ್ಮಣರಾವ್ ಕಣ್ಣನ್ನ ಕೊಡೋಕಾಗಲ್ಲ. ಬಹುಶಃ ಅದಕ್ಕೇ ಅವರು ಸಿಲೆಬಸ್‌ನಲ್ಲಿ ಇಲ್ಲ.

ಮುಂದಿನದು ಬೇಗ ಹೇಳಿಬಿಡ್ತೀನಿ. ಮಗ ಶಂತನುರಾವ್ ಎಂಐಟಿಯಲ್ಲಿ ಓದಿ ಬಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಶುರುವಾಯಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು.

ಮೊನ್ನೆ ಹ್ಯಾಕಥಾನ್‌ಗೆ ಅಂತ ಖಾನಾಪುರದಲ್ಲಿ ಪುಣೆ ರೈಲು ಹತ್ತಿದ್ದೆ. ಬೆಳಗಾವಿ, ಮಿರಜ್, ಸಾಂಗ್ಲಿ ದಾಟಿದ ಮೇಲೆ ಆ ಸ್ಟೇಷನ್ ಬಂತು. ಕುಂಡಲ್ ರೋಡ್ ಅನ್ನೋ ಹೆಸರು ಈಗಿಲ್ಲ, ಬೋರ್ಡ್ ಮೇಲೆ ಕಿರ್ಲೋಸ್ಕರವಾಡಿ ಅಂತಿದೆ. ಪ್ಲಾಟ್‌ಫಾರ್ಮ್‌ಗೆ ಇಳಿದು ಒಂದು ಫೋಟೋ ತೆಗೆಯೋಷ್ಟರಲ್ಲಿ ಹಾರ್ನ್ ಆಯಿತು, ಓಡಿ ಹತ್ತಿದೆ.